ಆಲ್-ಇನ್-ಒನ್ ಕೊಳ್ಳುವುದು ಹೇಗೆ? ಲೆಕ್ಕ ಪರದೆಯಿಂದ ಶುರುವಾಗಲಿ

1,34,900 ರೂಪಾಯಿ. ಪರದೆಯೊಳಗೇ ಕಂಪ್ಯೂಟರ್ ಇರುವ ಆಲ್-ಇನ್-ಒನ್‌ಗಳಲ್ಲಿ ಒಂದಾದ, ಆ್ಯಪಲ್ ಕಂಪನಿಯ ಎಂ4 ಚಿಪ್‌ನ ಐಮ್ಯಾಕ್ 2024ರ ಅಕ್ಟೋಬರ್‌ನಲ್ಲಿ ಬಂದಾಗ ನಮ್ಮ ದೇಶದಲ್ಲಿ ಅದರ ಆರಂಭದ ಬೆಲೆ ಇದು. ಮುಂಬೈಯಲ್ಲಿ ಮನೆ ನಡೆಸುವವರಿಗೆ ಇದು ಸಣ್ಣ ಮೊತ್ತವಲ್ಲ. ಆದರೂ ಡೊಂಬಿವಲಿ, ಘಾಟ್‌ಕೋಪರ್, ಮೀರಾ ರೋಡ್ ಕಡೆಯ ನಮ್ಮ ಕನ್ನಡಿಗರು ಇಂಥ ಕಂಪ್ಯೂಟರ್ ಬಗ್ಗೆ ವಿಚಾರಿಸುತ್ತಲೇ ಇರುತ್ತಾರೆ. ಕಾರಣ ಜಾಗ. ಮಗಳ ಓದು, ಅಪ್ಪನ ಹೋಟೆಲಿನ ಲೆಕ್ಕ, ಸಂಘದ ಸ್ಮರಣ ಸಂಚಿಕೆಯ ಪುಟಗಳು ಎಲ್ಲವೂ ಒಂದೇ ಮೇಜಿನ ಮೇಲೆ ನಡೆಯಬೇಕು. ಕಾಲ ಬಳಿ ಇನ್ನೊಂದು ಡಬ್ಬ ಇಡಲು ಜಾಗ ಎಲ್ಲಿದೆ? ಪರದೆಯೊಳಗೇ ಕಂಪ್ಯೂಟರ್ ಇದ್ದರೆ ಮೇಜು ಉಳಿಯುತ್ತದೆ.

ಇದು ಒಳ್ಳೆಯ ಕಾರಣವೇ. ಆದರೆ ಒಂದು ಮಾತು ಮೊದಲೇ ಗೊತ್ತಿರಬೇಕು. ಒಳ್ಳೆಯ ಪರದೆ ಹತ್ತು ವರ್ಷ ಆರಾಮಾಗಿ ಬಾಳುತ್ತದೆ. ಅದರೊಳಗಿನ ಕಂಪ್ಯೂಟರ್ ಅದಕ್ಕಿಂತ ಬೇಗ ಹಳತಾಗುತ್ತದೆ. ಆಲ್-ಇನ್-ಒನ್‌ನಲ್ಲಿ ಇವೆರಡೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು. ಒಂದು ಕುಸಿದರೆ ಇನ್ನೊಂದೂ ನಿಲ್ಲಬೇಕು. ಅದಕ್ಕೇ ಕೊಳ್ಳುವ ದಿನ ಮಾಡುವ ಆಯ್ಕೆಗಳು ಇಲ್ಲಿ ಬೇರೆ ಯಾವ ಕಂಪ್ಯೂಟರಿಗಿಂತಲೂ ಜಾಸ್ತಿ ಮುಖ್ಯ.

1. ಬೆಲೆ ಯಾಕೆ ಏರಿತು ಎಂದು ನೋಡಿ

1998ರಲ್ಲಿ ಮೊದಲ ಐಮ್ಯಾಕ್ ಅಮೆರಿಕದಲ್ಲಿ 1,299 ಡಾಲರಿಗೆ ಬಂತು. 2021ರ ಎಂ1 ಮಾದರಿಗೂ ಅಲ್ಲಿ 1,299. 2024ರ ಎಂ4 ಮಾದರಿಗೂ ಅಷ್ಟೇ. ನಮ್ಮಲ್ಲಿ ಮಾತ್ರ 2021ರಲ್ಲಿ 1,19,900 ಇದ್ದದ್ದು 2023ರಲ್ಲಿ 1,34,900 ಆಯಿತು.

ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. 2021ರಲ್ಲಿ ಡಾಲರಿಗೆ ಸುಮಾರು 75 ರೂಪಾಯಿ. 1,299ನ್ನು 75ರಿಂದ ಗುಣಿಸಿ, 18 ಶೇಕಡಾ ಜಿಎಸ್‌ಟಿ ಸೇರಿಸಿದರೆ ಸುಮಾರು 1,15,000. 2024ರಲ್ಲಿ ಡಾಲರಿಗೆ 84 ರೂಪಾಯಿ. ಅದೇ ಲೆಕ್ಕಕ್ಕೆ ಸುಮಾರು 1,28,800. ಎರಡೂ ಸಲ ಅಂಗಡಿಯ ಬೆಲೆ ಇದಕ್ಕಿಂತ ಐದಾರು ಸಾವಿರ ಮಾತ್ರ ಮೇಲಿದೆ. ಅಂದರೆ ಏರಿಕೆಯ ಹೆಚ್ಚಿನ ಪಾಲು ರೂಪಾಯಿ ಇಳಿದದ್ದರಿಂದ ಬಂದದ್ದು. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ರೂಪಾಯಿ ದಾಟಿತು. "ಸ್ವಲ್ಪ ಕಾದರೆ ಇಳಿಯುತ್ತೆ ಅಲ್ವಾ?" ಎಂದು ಕೇಳುವವರು ಈ ಅಂಕಿಯನ್ನು ನೆನಪಿಡಬೇಕು.

ಬೆಲೆ ಇಳಿಯದಿರಲು ಇನ್ನೊಂದು ಕಾರಣ ಮೆಮೊರಿ, ಅಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಬಳಸುವ ರ್‍ಯಾಮ್. ಜಗತ್ತಿನ ರ್‍ಯಾಮ್‌ನಲ್ಲಿ ಬಹುಪಾಲನ್ನು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು ಮಾಡುತ್ತವೆ. ಎಐ ಡೇಟಾ ಸೆಂಟರ್‌ಗಳು ಆ ಚಿಪ್‌ಗಳನ್ನು ರಾಶಿರಾಶಿಯಾಗಿ ಕೊಳ್ಳತೊಡಗಿದವು. 2025ರ ಕೊನೆಯಲ್ಲಿ ರ್‍ಯಾಮ್ ಬೆಲೆ ಎಲ್ಲೆಡೆ ಜಿಗಿಯಿತು. ಜನಸಾಮಾನ್ಯರಿಗೆ ಕ್ರೂಷಿಯಲ್ ಹೆಸರಿನಲ್ಲಿ ರ್‍ಯಾಮ್ ಮಾರುತ್ತಿದ್ದ ಮೈಕ್ರಾನ್, ಆ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಇದರ ಬಿಸಿ ವಿಂಡೋಸ್ ಕಂಪ್ಯೂಟರ್‌ಗಳಿಗೂ ತಟ್ಟುತ್ತದೆ.

2. ಮೊದಲು ಪರದೆ ನೋಡಿ, ಅದೂ ಕನ್ನಡ ತೆರೆದು ನೋಡಿ

ಅಂಗಡಿಯಲ್ಲಿ ಕಂಪ್ಯೂಟರ್‌ಗಳು ಬಣ್ಣಬಣ್ಣದ ವಿಡಿಯೊ ತೋರಿಸುತ್ತಿರುತ್ತವೆ. ಅದನ್ನು ನೋಡಿ ಏನೂ ಗೊತ್ತಾಗುವುದಿಲ್ಲ. ಬ್ರೌಸರ್‌ನಲ್ಲಿ ಒಂದು ಕನ್ನಡ ಪತ್ರಿಕೆ ತೆರೆಯಿರಿ. ಅಕ್ಷರ ಸಣ್ಣದು ಮಾಡಿ. ಒತ್ತಕ್ಷರಗಳನ್ನು ನೋಡಿ. "ಸ್ವಾತಂತ್ರ್ಯ", "ಕೃಷ್ಣ", "ಜ್ಯೋತ್ಸ್ನಾ" ಇಂಥ ಪದಗಳಲ್ಲಿ ಕೆಳಗಿನ ಒತ್ತು ಬಿಡಿಬಿಡಿಯಾಗಿ ಕಾಣಬೇಕು. ಇಂಗ್ಲಿಷ್ ಅಕ್ಷರ ಚೆನ್ನಾಗಿ ಕಂಡ ಪರದೆಯಲ್ಲೇ ನಮ್ಮ ಒತ್ತು ಕಲಸಿಹೋಗಬಹುದು.

ಇದಕ್ಕೆ ಕಾರಣ ಚುಕ್ಕಿಗಳ ಸಾಂದ್ರತೆ. 27 ಇಂಚಿನ ಆಲ್-ಇನ್-ಒನ್‌ಗಳಲ್ಲಿ ಎಷ್ಟೋ ಮಾದರಿಗಳಿಗೆ ಇಂದಿಗೂ ಫುಲ್ ಎಚ್‌ಡಿ, ಅಂದರೆ 1920 ಅಡ್ಡ, 1080 ಉದ್ದದ ಪರದೆಯೇ ಇದೆ. ಅಲ್ಲಿ ಒಂದು ಇಂಚಿಗೆ ಸುಮಾರು 82 ಚುಕ್ಕಿ. ಐಮ್ಯಾಕ್‌ನ 24 ಇಂಚಿನ ಪರದೆಯಲ್ಲಿ 4480 ಅಡ್ಡ, 2520 ಉದ್ದ. ಇಂಚಿಗೆ 218 ಚುಕ್ಕಿ. ದಿನಕ್ಕೆ ನಾಲ್ಕೈದು ತಾಸು ಕನ್ನಡ ಓದುವವರಿಗೆ, ಪ್ರೂಫ್ ನೋಡುವವರಿಗೆ ಈ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ. ದುಬಾರಿ ಮಾದರಿಗೆ ಹಣ ಹಾಕಲು ನನ್ನ ಲೆಕ್ಕದಲ್ಲಿ ಇದೇ ಸರಿಯಾದ ಕಾರಣ. ದೊಡ್ಡ ಪರದೆ ಬೇಕು ಅಂತ 27 ಇಂಚಿನ ಫುಲ್ ಎಚ್‌ಡಿ ತಗೊಳ್ಳಬೇಡಿ. ಅಷ್ಟೇ ಚುಕ್ಕಿ 24 ಇಂಚಿನಲ್ಲಿ ಇದ್ದರೆ ಅಕ್ಷರ ಇನ್ನೂ ಚೊಕ್ಕವಾಗಿ ಕಾಣುತ್ತದೆ.

3. ತೆಳುವಾಗಿಸಲು ಏನೇನು ಬಿಟ್ಟಿದ್ದಾರೆ ಎಂದು ಪಟ್ಟಿ ಮಾಡಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಅಂದಕ್ಕಾಗಿ ಮಾಡಿದ ಒಂದೊಂದು ತೀರ್ಮಾನವೂ ಮುಂದೆ ನಿಮ್ಮ ಖರ್ಚಿಗೆ ಬರುತ್ತದೆ.

24 ಇಂಚಿನ ಐಮ್ಯಾಕ್‌ನ ದಪ್ಪ 11.5 ಮಿಲಿಮೀಟರ್. ಹೆಡ್‌ಫೋನ್ ಪಿನ್ ಇದಕ್ಕಿಂತ ಉದ್ದ, ಹಾಗಾಗಿ ಅದರ ತೂತನ್ನು ಹಿಂದೆ ಇಡಲಾಗದೆ ಪಕ್ಕದ ಅಂಚಿನಲ್ಲಿ ಇಟ್ಟಿದ್ದಾರೆ. ಇದು ಅನುಕೂಲವೇ ಆಯಿತು. ವಿದ್ಯುತ್ ಅಡಾಪ್ಟರ್‌ಗೂ ಒಳಗೆ ಜಾಗವಿಲ್ಲ, ಅದು ನೆಲದ ಮೇಲೆ ಬಂತು. ನೆಟ್‌ವರ್ಕ್ ಕೇಬಲ್ ಚುಚ್ಚುವ ಜಾಗ ಆ ಅಡಾಪ್ಟರ್‌ನಲ್ಲಿದೆ. ಆದರೆ ಕಡಿಮೆ ಬೆಲೆಯ ಮಾದರಿಗೆ ಬರುವ ಅಡಾಪ್ಟರ್‌ನಲ್ಲಿ ಅದು ಇರುವುದಿಲ್ಲ. ಆ ಮಾದರಿಗೆ ಹಿಂದೆ ಎರಡೇ ಥಂಡರ್‌ಬೋಲ್ಟ್ ಪೋರ್ಟ್ (ಯುಎಸ್‌ಬಿ-ಸಿ ಆಕಾರದ ಸಣ್ಣ ಕಿಂಡಿ), ಮೇಲಿನದಕ್ಕೆ ನಾಲ್ಕು. ನಿಮ್ಮ ಪ್ರಿಂಟರ್, ಪೆನ್‌ಡ್ರೈವ್, ಸ್ಕ್ಯಾನರ್ ಎಲ್ಲ ಹಳೆಯ ಯುಎಸ್‌ಬಿ ಆಗಿದ್ದರೆ ಒಂದು ಹಬ್‌ಗೂ ಹಣ ಎತ್ತಿಡಿ.

ಸ್ಟ್ಯಾಂಡ್‌ನ ಎತ್ತರ ಬದಲಾಗುವುದಿಲ್ಲ, ಪರದೆಯನ್ನು ಹಿಂದೆ ಮುಂದೆ ಬಾಗಿಸಬಹುದು ಅಷ್ಟೇ. ಎತ್ತರದವರು ಬಾಗಿ ಕೂರಬೇಕು, ಇಲ್ಲವೇ ಕೆಳಗೆ ಏನಾದರೂ ಇಡಬೇಕು. ಗೋಡೆಗೆ ಅಥವಾ ತೋಳಿಗೆ ಹಾಕುವ ವೆಸಾ ಮಾದರಿ ಬೇಕಾದರೆ ಕೊಳ್ಳುವಾಗಲೇ ಹೇಳಬೇಕು. ಆಮೇಲೆ ಬದಲಿಸಲು ಆಗುವುದಿಲ್ಲ. ಸಣ್ಣ ಮನೆಯಲ್ಲಿ ಗೋಡೆಯ ತೋಳು ಎಷ್ಟು ಉಪಕಾರಿ ಎಂದು ಮುಂಬೈಯವರಿಗೆ ನಾನು ಹೇಳಬೇಕಿಲ್ಲ.

ರಿಪೇರಿ ಇನ್ನೂ ದೊಡ್ಡ ವಿಷಯ. 2012ಕ್ಕೆ ಮೊದಲಿನ ಕೆಲವು ಐಮ್ಯಾಕ್‌ಗಳಲ್ಲಿ ಮುಂದಿನ ಗಾಜನ್ನು ಅಯಸ್ಕಾಂತ ಹಿಡಿದಿತ್ತು. 2012ರಿಂದ ಅಂಟಿನ ಪಟ್ಟಿ ಬಂತು. ಒಳಗೆ ಕೈ ಹಾಕಬೇಕಾದರೆ ಆ ಅಂಟನ್ನು ಕತ್ತರಿಸಿ ಪರದೆ ಬಿಡಿಸಬೇಕು. ಹಳೆಯ 27 ಇಂಚಿನ ಮಾದರಿಯಲ್ಲಿ ರ್‍ಯಾಮ್ ಹಾಕಲು ಹಿಂದೆ ಒಂದು ಪುಟ್ಟ ಬಾಗಿಲಿತ್ತು. ಮನೆಯಲ್ಲೇ ಹಾಕಿಕೊಳ್ಳಬಹುದಿತ್ತು. ಆ ಮಾದರಿಯನ್ನು 2022ರ ಮಾರ್ಚ್‌ನಲ್ಲಿ ನಿಲ್ಲಿಸಿದರು. ಆ ಬಾಗಿಲು ಹೋದದ್ದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಮಧ್ಯಮ ವರ್ಗದ ಮನೆಗೆ ಅದು ಮೂರ್ನಾಲ್ಕು ವರ್ಷದ ಹೆಚ್ಚುವರಿ ಬಾಳಿಕೆ ಕೊಡುತ್ತಿತ್ತು.

ವಿಂಡೋಸ್ ಕಡೆ, ಎಚ್‌ಪಿ, ಡೆಲ್, ಲೆನೊವೊ, ಏಸಸ್ ಮಾದರಿಗಳಲ್ಲಿ ಎರಡು ಪ್ರಶ್ನೆ ತಪ್ಪದೆ ಕೇಳಿ. ರ್‍ಯಾಮ್‌ಗೆ ಸ್ಲಾಟ್ ಇದೆಯೇ, ಅಥವಾ ಬೆಸುಗೆ ಹಾಕಿದ್ದಾರೆಯೇ? ಎಚ್‌ಡಿಎಂಐ ಇನ್ ಇದೆಯೇ? ಔಟ್ ಅಲ್ಲ, ಇನ್. ಅದು ಇದ್ದರೆ ಒಳಗಿನ ಕಂಪ್ಯೂಟರ್ ಹಳತಾದ ಮೇಲೂ ಲ್ಯಾಪ್‌ಟಾಪ್ ಸಿಕ್ಕಿಸಿ ಪರದೆಯನ್ನು ಮಾನಿಟರ್ ಆಗಿ ಬಳಸಬಹುದು. ಐಮ್ಯಾಕ್‌ನಲ್ಲಿ ಈ ಸೌಲಭ್ಯ 2014ರ 5ಕೆ (ಅಡ್ಡಕ್ಕೆ ಐದು ಸಾವಿರದಷ್ಟು ಚುಕ್ಕಿಯ) ಮಾದರಿಯಿಂದಲೇ ಇಲ್ಲ. ಅಂಗಡಿಯವರು "ಇದೆ ಸರ್" ಎಂದರೆ ಸುಮ್ನೆ ಒಪ್ಪಬೇಡಿ. ಹಿಂಬದಿ ತಿರುಗಿಸಿ ಪೋರ್ಟಿನ ಮೇಲಿನ ಬರಹ ಓದಿ.

4. ಹಣ ಹಾಕುವುದಾದರೆ ರ್‍ಯಾಮ್‌ಗೆ ಹಾಕಿ

ಸ್ಟೋರೇಜ್ ಕಡಿಮೆಯಾದರೆ ಹೊರಗಿನ ಎಸ್‌ಎಸ್‌ಡಿ ಸಿಕ್ಕಿಸಬಹುದು. ಫೋಟೊ, ಯಕ್ಷಗಾನದ ರೆಕಾರ್ಡಿಂಗ್, ಮದುವೆ ವಿಡಿಯೊ ಎಲ್ಲ ಅದರಲ್ಲಿರಲಿ. ರ್‍ಯಾಮ್ ಹೊರಗಿನಿಂದ ಸಿಕ್ಕಿಸಲು ಆಗುವುದಿಲ್ಲ. ಎಂ4 ಐಮ್ಯಾಕ್‌ನ ಬೆಲೆಗಳು 1,34,900, 1,54,900, 1,74,900, 1,94,900 ಹೀಗೆ 20 ಸಾವಿರದ ಮೆಟ್ಟಿಲುಗಳಲ್ಲಿ ಬಂದವು. ಎರಡನೆಯ ಮೆಟ್ಟಿಲಿನಲ್ಲಿ ಹೆಚ್ಚು ಬಲದ ಚಿಪ್ ಮತ್ತು ಹೆಚ್ಚು ಪೋರ್ಟ್, ಮೂರನೆಯದರಲ್ಲಿ 512 ಜಿಬಿ ಸ್ಟೋರೇಜ್, ನಾಲ್ಕನೆಯದರಲ್ಲಿ 16ರ ಬದಲು 24 ಜಿಬಿ ರ್‍ಯಾಮ್. ಮೂರನೆಯ ಮೆಟ್ಟಿಲಿನಲ್ಲಿ ಸಿಗುವುದು ಬರೀ ಸ್ಟೋರೇಜ್, ಅದಕ್ಕೆ 20 ಸಾವಿರ ಕೊಡಬೇಡಿ. ಓದು, ಬರಹ, ಲೆಕ್ಕ, ವಿಡಿಯೊ ಕರೆಗೆ 16 ಜಿಬಿ ಸಾಕು. ವಿಡಿಯೊ ಎಡಿಟಿಂಗ್, ದೊಡ್ಡ ವಿನ್ಯಾಸದ ಕೆಲಸ ಇದ್ದರೆ ಮಾತ್ರ 24ರ ಕಡೆ ನೋಡಿ. ಬಳಸಿದ ವಿಂಡೋಸ್ ಮಾದರಿ ಕೊಂಡರೂ 8 ಜಿಬಿಯದು ಬೇಡ. ಸ್ಲಾಟ್ ಇದ್ದರೆ ಆ ಮಾತು ಬೇರೆ.

5. ನಿಮ್ಮ ಸಾಫ್ಟ್‌ವೇರ್ ಓಡುತ್ತದೆಯೇ?

ಮುಂಬೈಯ ನಮ್ಮ ಹೋಟೆಲ್ ಮಾಲೀಕರಿಗೆ, ಲೆಕ್ಕಪರಿಶೋಧಕರಿಗೆ ಲೆಕ್ಕದ ತಂತ್ರಾಂಶ ಟ್ಯಾಲಿ ಇಲ್ಲದೆ ದಿನ ನಡೆಯುವುದಿಲ್ಲ. ಟ್ಯಾಲಿ ಪ್ರೈಮ್ ವಿಂಡೋಸ್‌ಗಾಗಿ ಮಾಡಿದ್ದು. ಆ್ಯಪಲ್‌ನ ಸ್ವಂತ ಎಂ ಸರಣಿಯ ಚಿಪ್ ಇರುವ ಮ್ಯಾಕ್‌ಗಳಲ್ಲಿ ಬೂಟ್‌ಕ್ಯಾಂಪ್, ಅಂದರೆ ಮ್ಯಾಕ್‌ಗೇ ವಿಂಡೋಸ್ ಹಾಕಿಕೊಳ್ಳುವ ಸೌಲಭ್ಯ ಇಲ್ಲ. ಪ್ಯಾರಲಲ್ಸ್ ಎಂಬ ತಂತ್ರಾಂಶ ಹಾಕಿ ವಿಂಡೋಸ್ ಓಡಿಸಬಹುದು, ಅದರ ಖರ್ಚು ಬೇರೆ, ತಲೆನೋವೂ ಬೇರೆ. ಟ್ಯಾಲಿಯೇ ಮುಖ್ಯವಾದರೆ ವಿಂಡೋಸ್ ಆಲ್-ಇನ್-ಒನ್ ತಗೊಳ್ಳಿ. ಎರಡನೇ ಯೋಚನೆ ಬೇಡ.

ಸಂಘದ ಕೆಲಸ ಮಾಡುವವರು ಹಳೆಯ ಕಡತಗಳನ್ನು ನೋಡಿಕೊಳ್ಳಿ. ಸ್ಮರಣ ಸಂಚಿಕೆ, ಆಮಂತ್ರಣ ಪತ್ರ ಎಲ್ಲ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ಗಳಲ್ಲಿದ್ದರೆ, ಅವನ್ನು ಮೊದಲು ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರ್‌ಗಳಲ್ಲೂ ಓದಬಹುದಾದ ಅಕ್ಷರ ಸಂಕೇತಕ್ಕೆ ಬದಲಿಸಿಕೊಳ್ಳಿ. ಎರಡೂ ವಿಂಡೋಸ್‌ನಲ್ಲಿ ಬೆಳೆದ ತಂತ್ರಾಂಶಗಳು. ಮ್ಯಾಕ್‌ನಲ್ಲಿ ಯೂನಿಕೋಡ್ ಕನ್ನಡಕ್ಕೆ ಕೀಲಿಮಣೆಯೂ ಫಾಂಟ್‌ಗಳೂ ಮೊದಲೇ ಇರುತ್ತವೆ. ಆದರೆ ನುಡಿಯಲ್ಲಿರುವ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆಗೆ ಒಗ್ಗಿದ ಕೈ ಅಲ್ಲಿ ಶುರುವಿನಲ್ಲಿ ತಡವರಿಸಬಹುದು. ಅಂಗಡಿಯಲ್ಲೇ ಕನ್ನಡ ಕೀಲಿಮಣೆ ಹಾಕಿಸಿ ನಾಲ್ಕು ಸಾಲು ಟೈಪ್ ಮಾಡಿ ನೋಡಿ.

6. ಬೇರೆ ಬೇರೆ ಕೊಂಡರೆ ಎಷ್ಟಾಗುತ್ತದೆ?

ಆ್ಯಪಲ್‌ನ ಪರದೆಯಿಲ್ಲದ ಪುಟ್ಟ ಕಂಪ್ಯೂಟರ್ ಎಂ4 ಮ್ಯಾಕ್ ಮಿನಿ 59,900ಕ್ಕೆ ಬಂತು. ಅದರಲ್ಲೂ 16 ಜಿಬಿ ರ್‍ಯಾಮ್, 256 ಜಿಬಿ ಸ್ಟೋರೇಜ್. ಗಾತ್ರ ಒಂದು ಟಿಫಿನ್ ಡಬ್ಬಿಯಷ್ಟು, ಮಾನಿಟರ್ ಕೆಳಗೇ ಕೂರುತ್ತದೆ. ಐಮ್ಯಾಕ್ ಬೆಲೆಯಿಂದ ಇದನ್ನು ಕಳೆದರೆ 75 ಸಾವಿರ ಉಳಿಯಿತು. ಅದರಲ್ಲಿ 27 ಇಂಚಿನ ಒಳ್ಳೆಯ 4ಕೆ ಮಾನಿಟರ್, ಕೀಬೋರ್ಡ್, ಮೌಸ್, ಕ್ಯಾಮೆರಾ, ಸ್ಪೀಕರ್ ಎಲ್ಲವೂ ಬರುತ್ತವೆ. ಆರು ವರ್ಷದ ನಂತರ ಡಬ್ಬಿ ಮಾತ್ರ ಬದಲಿಸಿದರೆ ಸಾಕು. ನನ್ನನ್ನು ಕೇಳುವ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ವೈರ್‌ಗಳು ನಾಲ್ಕು ಜಾಸ್ತಿ ಆಗುತ್ತವೆ, ನಿಜ.

ಆದರೆ ಪರದೆಯ ವಿಷಯದಲ್ಲಿ ರಾಜಿ ಬೇಡ ಎನ್ನುವವರಿಗೆ ಈ ದಾರಿ ದುಬಾರಿ. ಆ್ಯಪಲ್‌ನ 27 ಇಂಚಿನ 5ಕೆ ಸ್ಟುಡಿಯೊ ಡಿಸ್‌ಪ್ಲೇ 2022ರಲ್ಲಿ 1,59,900ಕ್ಕೆ ಬಂತು, ಪರದೆ ಒಂದಕ್ಕೇ. ಅಂಥ ಪರದೆಯ ಇಡೀ 27 ಇಂಚಿನ ಐಮ್ಯಾಕ್ 2020ರಲ್ಲಿ ಅಮೆರಿಕದಲ್ಲಿ 1,799 ಡಾಲರ್‌ಗೆ ಸಿಗುತ್ತಿತ್ತು. ಈ ಡಿಸ್‌ಪ್ಲೇ ಮತ್ತು ಮಿನಿ ಸೇರಿದರೆ, ಅವು ಬಂದಾಗಿನ ಬೆಲೆಯಲ್ಲಿ, ಅಲ್ಲಿ 2,198 ಡಾಲರ್. ನಿಜವಾಗಿ ಬೆಲೆ ಏರಿದ್ದು ದೊಡ್ಡ ಪರದೆ ಬೇಕಾದವರಿಗೆ. 24 ಇಂಚು ಸಾಕು, ಅಕ್ಷರ ಮಾತ್ರ ಚೊಕ್ಕವಾಗಿರಬೇಕು ಎನ್ನುವವರಿಗೆ ಐಮ್ಯಾಕ್ ಇವತ್ತಿಗೂ ನ್ಯಾಯವಾದ ಲೆಕ್ಕ.

7. ಹಳೆಯದನ್ನು ಕೊಳ್ಳುವಾಗ

ಗ್ರಾಂಟ್ ರೋಡ್ ಸ್ಟೇಷನ್ ಪಕ್ಕದ ಲ್ಯಾಮಿಂಗ್ಟನ್ ರೋಡಿನಲ್ಲಿ, ಪುಣೆಯಲ್ಲಾದರೆ ತಿಲಕ್ ರೋಡಿನ ಸುತ್ತಮುತ್ತ ವಿಚಾರಿಸಿದರೆ ಇಂಟೆಲ್ ಚಿಪ್‌ನ ಹಳೆಯ 27 ಇಂಚಿನ ಐಮ್ಯಾಕ್ ಸಿಗಬಹುದು. ಪರದೆ ನೋಡಿದರೆ ಮನಸ್ಸು ಸೋಲುತ್ತದೆ. ತಡೆಯಿರಿ. ಮ್ಯಾಕ್‌ಗಳ ಕಾರ್ಯವ್ಯವಸ್ಥೆಯಾದ ಮ್ಯಾಕ್‌ಒಎಸ್‌ನ 2025ರ ಆವೃತ್ತಿ ತಾಹೋ ಇಂಟೆಲ್ ಮ್ಯಾಕ್‌ಗಳಿಗೆ ಕೊನೆಯ ಆವೃತ್ತಿ ಎಂದು ಕಂಪನಿಯೇ ಹೇಳಿದೆ. ಇಂಟೆಲ್ ಐಮ್ಯಾಕ್‌ಗಳಲ್ಲಿ 2020ರ 27 ಇಂಚಿನದಕ್ಕೆ ಮಾತ್ರ ಅದೂ ಸಿಗುತ್ತದೆ. ಕೇಬಲ್ ಸಿಕ್ಕಿಸಿ ಮಾನಿಟರ್ ಆಗಿ ಬಳಸೋಣ ಎಂದರೆ 5ಕೆ ಮಾದರಿಗಳಲ್ಲಿ ಅದಕ್ಕೂ ದಾರಿಯಿಲ್ಲ. ಹಳೆಯ ವಿಂಡೋಸ್ ಮಾದರಿಯಾದರೆ ವಿಂಡೋಸ್ 11 ಹಿಡಿಸುತ್ತದೆಯೇ ಎಂದು ನೋಡಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

8. ಬಿಲ್, ಕರೆಂಟು, ಡಬ್ಬ

ಹೊಸದನ್ನು ಮುಟ್ಟಿ ನೋಡಬೇಕಾದರೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನಲ್ಲಿ 2023ರಿಂದ, ಪುಣೆಯ ಕೋರೆಗಾಂವ್ ಪಾರ್ಕ್‌ನಲ್ಲಿ 2025ರ ಸೆಪ್ಟೆಂಬರ್‌ನಿಂದ ಆ್ಯಪಲ್‌ನ ಸ್ವಂತ ಅಂಗಡಿಗಳಿವೆ. ಅಲ್ಲಿ ನೋಡಿ, ಬೇರೆ ಅಂಗಡಿಗಳಲ್ಲಿ ಬ್ಯಾಂಕ್ ರಿಯಾಯಿತಿ ವಿಚಾರಿಸಿ. ಮನೆಯಲ್ಲಿ ಕಾಲೇಜು ಓದುವವರು ಅಥವಾ ಶಿಕ್ಷಕರು ಇದ್ದರೆ ಶಿಕ್ಷಣ ರಿಯಾಯಿತಿ ಕೇಳಿ.

ವ್ಯಾಪಾರಕ್ಕೆ ಕೊಳ್ಳುತ್ತಿದ್ದರೆ ಬಿಲ್ಲಿನಲ್ಲಿ ನಿಮ್ಮ ಸಂಸ್ಥೆಯ ಜಿಎಸ್‌ಟಿ ನಂಬರ್ ಬರೆಸಿ. 1,34,900ರಲ್ಲಿ ತೆರಿಗೆಯೇ ಸುಮಾರು 20,500. ಅರ್ಹತೆ ಇದ್ದರೆ ಅದು ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ 40 ಶೇಕಡಾ ಸವಕಳಿಯೂ ಇದೆ.

ಆಲ್-ಇನ್-ಒನ್‌ಗೆ ಲ್ಯಾಪ್‌ಟಾಪ್‌ನಂತೆ ಬ್ಯಾಟರಿ ಇಲ್ಲ. ಕರೆಂಟು ಹೋದರೆ ಕೆಲಸವೂ ಹೋಯಿತು. ಕಲ್ಯಾಣ, ಡೊಂಬಿವಲಿ, ಪುಣೆ ಕಡೆ ಮಳೆಗಾಲದಲ್ಲಿ ಕರೆಂಟು ಕೈಕೊಡುವುದು ಇದ್ದೇ ಇದೆ. ಐಮ್ಯಾಕ್ ಅಡಾಪ್ಟರ್ 143 ವ್ಯಾಟಿನದು. 600 ವಿಎ ಯುಪಿಎಸ್ ಇದ್ದರೆ ಫೈಲ್ ಉಳಿಸಿ ಬಂದ್ ಮಾಡಲು ಬೇಕಾದಷ್ಟು ಹೊತ್ತು ಸಿಗುತ್ತದೆ. ಕಿಟಕಿಯ ಪಕ್ಕ ಇಡಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಎರಚಲು ಮತ್ತು ಸಮುದ್ರದ ಉಪ್ಪು ಗಾಳಿ ಅದಕ್ಕೆ ಒಳ್ಳೆಯದಲ್ಲ.

ಖಾಲಿ ಡಬ್ಬವನ್ನು, ಒಳಗಿನ ಅಚ್ಚುಗಳ ಸಮೇತ, ಅಟ್ಟದ ಮೇಲೆ ಎತ್ತಿಡಿ. ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆಯಲ್ಲಿ ಇರುವವರು ಯಾವಾಗ ಸಾಮಾನು ಕಟ್ಟಬೇಕಾಗುತ್ತದೋ ಹೇಳಲಾಗದು. ಅಷ್ಟು ತೆಳು ಗಾಜಿನ ಪರದೆಯನ್ನು ಟೆಂಪೊದಲ್ಲಿ ಸಾಗಿಸಲು ಅದರದೇ ಡಬ್ಬ ಬೇಕು.