ಏಳನೇ ತಾರೀಕು ದಾಟಿದ ಮೇಲೆ: ಬಾಕಿ ಸಂಬಳ ವಸೂಲಿಯ ದಾರಿ

"ಬಿಲ್ ಪಾಸಾಗ್ಲಿ ಮಾರಾಯ, ಕೊಡುವ." ಮಂಗಳೂರು, ಉಡುಪಿಯಲ್ಲಿ ದುಡಿಯುವವರಿಗೆ ಈ ಮಾತು ಹೊಸತಲ್ಲ. ಆದರೆ ಬಿಲ್ ಪಾಸಾಗುವುದಕ್ಕೂ ನಿಮ್ಮ ಬಟವಾಡೆಗೂ ಕಾನೂನು ಗಂಟು ಹಾಕಿಲ್ಲ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ ತಿಂಗಳ ಸಂಬಳ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಕೈಸೇರಬೇಕು. ವಾರದ ಕೂಲಿಯನ್ನು ವಾರದ ಕೊನೆಯ ಕೆಲಸದ ದಿನ, ದಿನಗೂಲಿಯನ್ನು ಪಾಳಿ ಮುಗಿದಾಗ ಕೊಡಬೇಕು. ಕೆಲಸ ಬಿಟ್ಟರೆ ಅಥವಾ ತೆಗೆದುಹಾಕಿದರೆ ಎರಡು ಕೆಲಸದ ದಿನಗಳೊಳಗೆ ಲೆಕ್ಕ ಚುಕ್ತಾ ಆಗಬೇಕು. ಹಳೆಯ ವೇತನ ಪಾವತಿ ಕಾಯ್ದೆಗೆ ತಿಂಗಳಿಗೆ ₹24,000 ಸಂಬಳದ ಮಿತಿಯಿತ್ತು. ಈಗ ಅದಿಲ್ಲ, ಹಾಗಾಗಿ ಐಟಿ ಕಂಪನಿಯ ಮ್ಯಾನೇಜರ್‌ ಕೂಡ ಇದೇ ದಾರಿ ಹಿಡಿಯಬಹುದು.

ಮೊದಲ ತಿಂಗಳು ತಡವಾದಾಗಲೇ ಒಂದು ನೋಟ್‌ಬುಕ್ ಶುರು ಮಾಡಿ. ಪ್ರತಿ ತಿಂಗಳಿಗೆ ಒಂದು ಸಾಲು ಸಾಕು: "ಜೂನ್ ಸಂಬಳ ₹18,500. ಬರಬೇಕಾದದ್ದು ಜುಲೈ 7. ಜುಲೈ 24ಕ್ಕೆ ₹8,000, ಗೂಗಲ್ ಪೇ. ಬಾಕಿ ₹10,500."

ಹೆಚ್ಚಿನವರು ಜಾರುವುದು ಆ ₹8,000ದಲ್ಲಿಯೇ. ಅರ್ಧ ಸಂಬಳ ಕೊಟ್ಟು ಲೆಕ್ಕದ ಪುಸ್ತಕದಲ್ಲಿ "ಅಡ್ವಾನ್ಸ್" ಎಂದು ಬರೆದುಕೊಳ್ಳುವ ಅಭ್ಯಾಸ ಅನೇಕ ಕಡೆ ಇದೆ. ಎರಡು ತಿಂಗಳು ಬಿಟ್ಟು ಅದನ್ನೇ ಸಂಬಳದಿಂದ ಮುರಿದರೆ ನಿಮ್ಮದೇ ದುಡ್ಡಿಗೆ ನೀವೇ ಸಾಲಗಾರರು. ಹಣ ಬಂದ ದಿನವೇ ಒಂದು ವಾಟ್ಸ್‌ಆ್ಯಪ್ ಸಂದೇಶ ಹಾಕಿಬಿಡಿ: "ಜೂನ್ ಸಂಬಳದ ಭಾಗವಾಗಿ ₹8,000 ಬಂದಿದೆ, ಇನ್ನು ₹10,500 ಬಾಕಿ." ವೋಚರ್‌ಗೆ ಸಹಿ ಹಾಕುವಾಗ "ಪೂರ್ತಿ ಸಂದಾಯವಾಗಿದೆ" ಎಂದಿದ್ದರೆ ಪೆನ್ನು ಕೆಳಗಿಡಿ. ಬಂದ ಮೊತ್ತ, ತಾರೀಕು ನಿಮ್ಮ ಕೈಯಲ್ಲೇ ಬರೆದು ಆಮೇಲೆ ಸಹಿ ಮಾಡಿ. ಖಾಲಿ ಕಾಗದಕ್ಕಂತೂ ಬೇಡವೇ ಬೇಡ.

ಸಂಬಳ ಕೊಟ್ಟಿದ್ದೇನೆ ಎಂದು ರುಜುವಾತು ಮಾಡುವ ಹೊಣೆ ಮಾಲೀಕರದ್ದು. ನೀವು ಅಲ್ಲಿ ದುಡಿದಿದ್ದೀರಿ ಎನ್ನುವುದಕ್ಕೆ ಮಾತ್ರ ನಿಮ್ಮ ಬಳಿ ಏನಾದರೂ ಇರಬೇಕು. ನೇಮಕ ಪತ್ರ ಇಲ್ಲದಿದ್ದರೆ ಐಡಿ ಕಾರ್ಡ್, ಹಾಜರಿ ಪುಸ್ತಕದ ಫೋಟೊ, ಪಾಳಿ ಹಂಚಿದ ಗ್ರೂಪ್ ಮೆಸೇಜ್, ಹಳೆಯ ಸಂಬಳ ಜಮಾ ಆದ ಪಾಸ್‌ಬುಕ್ ಪುಟ, ಏನಿದ್ದರೂ ನಡೆಯುತ್ತದೆ. ಬೀಡಿ ಕಟ್ಟುವವರು ಎಲೆ, ತಂಬಾಕು, ಕೊಟ್ಟ ಬೀಡಿಯ ಲೆಕ್ಕ ಬರೆದ ಪುಸ್ತಕವನ್ನು ಗುತ್ತಿಗೆದಾರರ ಕೈಯಲ್ಲೇ ಬಿಟ್ಟುಬರಬೇಡಿ. ಮಲ್ಪೆಯಲ್ಲಿ, ಮಂಗಳೂರಿನ ಧಕ್ಕೆಯಲ್ಲಿ ಪಾಲಿನ ಲೆಕ್ಕಕ್ಕೆ ಬೋಟಿಗೆ ಹೋಗುವವರದ್ದು ಬೇರೆಯೇ ಗಂಟು. ಅದು ಸಂಬಳವೋ ಪಾಲೋ ಎಂಬಲ್ಲೇ ವಾದ ಶುರುವಾಗುತ್ತದೆ, ಆದ್ದರಿಂದ ಪ್ರತಿ ಟ್ರಿಪ್ಪಿನ ಚೀಟಿ ಜೋಪಾನ ಮಾಡಿ.

ಹಾಗೆಯೇ ಪಿಎಫ್ ಪಾಸ್‌ಬುಕ್ ಒಮ್ಮೆ ತೆರೆದು ನೋಡಿ. ಮುರಿದುಕೊಂಡ ಹಣ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಸಂಬಳ ತಡವಾಗುವ ಕಡೆ ಪಿಎಫ್ ಮೊದಲೇ ನಿಂತಿರುವುದು ಸಾಮಾನ್ಯ. ಅದರ ದೂರು ಕಾರ್ಮಿಕ ಇಲಾಖೆಗಲ್ಲ, ಭವಿಷ್ಯ ನಿಧಿ ಕಚೇರಿಗೆ.

ಮಾಲೀಕರಿಗೆ ಪತ್ರ ಬರೆಯುವಾಗ ಸಿಟ್ಟು ಬೇಡ. ಹೆಸರು, ಹುದ್ದೆ, ಕೆಲಸಕ್ಕೆ ಸೇರಿದ ದಿನ, ಯಾವ ತಿಂಗಳಿನದ್ದು ಎಷ್ಟು ಬಾಕಿ, ಒಟ್ಟು ಎಷ್ಟು, ಯಾವ ತಾರೀಕಿನೊಳಗೆ ಯಾವ ಖಾತೆಗೆ ಹಾಕಬೇಕು ಎಂಬಷ್ಟನ್ನು ಬರೆದು ಏಳು ದಿನ ಗಡುವು ಕೊಡಿ. ಇಮೇಲ್ ಮಾಡಿ, ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿ, ರಸೀದಿ ಇಟ್ಟುಕೊಳ್ಳಿ. ನಾಲ್ಕಾರು ಜನರದ್ದು ಬಾಕಿಯಿದ್ದರೆ ಒಟ್ಟಿಗೇ ಬರೆಯಿರಿ. ಒಬ್ಬರನ್ನೇ ಗುರಿ ಮಾಡುವುದು ಆಗ ಕಷ್ಟ.

ಗಡುವು ಮುಗಿದರೆ ಯಾವ ಕಚೇರಿಗೆ ಹೋಗಬೇಕು? ಅಂಗಡಿ, ಹೋಟೆಲು, ಖಾಸಗಿ ಆಸ್ಪತ್ರೆ, ಗೇರುಬೀಜ ಕಾರ್ಖಾನೆ, ಸಾಫ್ಟ್‌ವೇರ್ ಕಂಪನಿಗಳ ವಿಷಯಕ್ಕೆ ಆಯಾ ಜಿಲ್ಲೆಯ ರಾಜ್ಯ ಕಾರ್ಮಿಕ ಅಧಿಕಾರಿಯ ಬಳಿಗೆ. ಪಣಂಬೂರಿನ ಬಂದರು, ಎಂಆರ್‌ಪಿಎಲ್, ರೈಲ್ವೆ, ಬ್ಯಾಂಕುಗಳು ಕೇಂದ್ರದ ವ್ಯಾಪ್ತಿಯವು. ಅಲ್ಲಿನವರು ಕೇಂದ್ರ ಕಾರ್ಮಿಕ ಆಯುಕ್ತರ ವ್ಯವಸ್ಥೆಗೆ ದೂರು ಕೊಡಬೇಕು, 'ಸಮಾಧಾನ್' ಪೋರ್ಟಲ್‌ನಲ್ಲೂ ಹಾಕಬಹುದು. ತಪ್ಪು ಕಚೇರಿಗೆ ಕೊಟ್ಟರೆ ವಾರಗಟ್ಟಲೆ ಅಲೆದಾಟವೇ ಗತಿ. ಗುತ್ತಿಗೆದಾರ ಕೈಎತ್ತಿದರೆ ಸಂಸ್ಥೆಯ ಒಡೆಯರೇ ಕೊಡಬೇಕು, ಹಾಗಾಗಿ ಅರ್ಜಿಯಲ್ಲಿ ಇಬ್ಬರ ಹೆಸರನ್ನೂ ಸೇರಿಸಿ.

ವೇತನ ಪ್ರಾಧಿಕಾರಕ್ಕೆ, ಅಂದರೆ ಬಾಕಿ ಸಂಬಳದ ಅರ್ಜಿ ತೀರ್ಮಾನಿಸಲು ಸರ್ಕಾರ ನೇಮಿಸಿದ ಅಧಿಕಾರಿಗೆ, ಹಕ್ಕಿನ ಅರ್ಜಿ ಹಾಕಲು ಮೂರು ವರ್ಷ ಕಾಲಾವಕಾಶವಿದೆ. ಹಳೆಯ ಕಾಯ್ದೆಯಲ್ಲಿ ಅದು ಒಂದೇ ವರ್ಷ ಇತ್ತು, ಆದ್ದರಿಂದ ಸಂಹಿತೆ ಜಾರಿಯಾಗುವ ಮೊದಲಿನ ಬಾಕಿಯಿದ್ದರೆ ಈ ವಾರವೇ ಹೊರಡಿ. ನೀವೇ ಹಾಕಬಹುದು, ನೋಂದಾಯಿತ ಕಾರ್ಮಿಕ ಸಂಘವೂ ಹಾಕಬಹುದು. ಬಾಕಿಯ ಮೇಲೆ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಆದರೆ ಅದು ಗರಿಷ್ಠ ಮಿತಿ, ಆ ಲೆಕ್ಕ ನಂಬಿ ಸಾಲ ಮಾಡಬೇಡಿ. ಆದೇಶವಾದರೂ ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲಿ ಮಾಡಲು ಜಿಲ್ಲಾಧಿಕಾರಿಗೆ ಪ್ರಮಾಣಪತ್ರ ಹೋಗುತ್ತದೆ. ವಕೀಲರ ಫೀಸಿಗೆ ಹೆದರಿ ಕೂರಬೇಡಿ: ಮಹಿಳೆಯರಿಗೆ, ಪರಿಶಿಷ್ಟರಿಗೆ, ಕೈಗಾರಿಕಾ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ. ಸಹಾಯವಾಣಿ 15100.

ಈ ನಡುವೆ ರೋಸಿಹೋಗಿ ಕೆಲಸಕ್ಕೆ ಹೋಗುವುದನ್ನೇ ನಿಲ್ಲಿಸಬೇಡಿ. "ಹೇಳದೆ ಕೇಳದೆ ಓಡಿಹೋದ" ಎಂಬ ವಾದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ. ಕೈಗಾರಿಕಾ ಸಂಸ್ಥೆಯಲ್ಲಿ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಜನ ಮಾತಾಡಿಕೊಂಡು ಒಂದೇ ದಿನ ರಜೆ ಹಾಕಿದರೆ ಅದೂ ಮುಷ್ಕರವೇ, ಮುಷ್ಕರಕ್ಕೆ 14 ದಿನ ಮೊದಲೇ ನೋಟಿಸ್ ಬೇಕು. ಬಿಡಲೇಬೇಕಾದರೆ ಬಾಕಿ ಮೊತ್ತ ನಮೂದಿಸಿ ಲಿಖಿತ ರಾಜೀನಾಮೆ ಕೊಡಿ.

ಕಚೇರಿಯಲ್ಲಿ ರಾಜಿ ಕುದುರಿದರೆ ಕಂತಿನ ತಾರೀಕುಗಳನ್ನು ಬರೆಸಿ, ಹಣ ನೇರ ಬ್ಯಾಂಕ್ ಖಾತೆಗೇ ಬರುವಂತೆ ಕೇಳಿ. ಮುಂದಿನ ತಾರೀಕಿನ ಚೆಕ್ಕನ್ನೇ ಕೊಟ್ಟರೆ ಆ ತಾರೀಕಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಿ. ಅದು ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಸಿಕ್ಕ 30 ದಿನಗಳೊಳಗೆ ನೋಟಿಸ್ ಹೋಗಲೇಬೇಕು. 31ನೇ ದಿನ ಕಳಿಸಿದರೆ ಚೆಕ್ ಕೇಸು ನಿಲ್ಲುವುದಿಲ್ಲ.