ತುಕ್ಕನ್ನು ಕೆರೆಯದೆ ಕಪ್ಪಾಗಿಸಿದ್ದು: ನಂ. 2 ಮಾರ್ಕ್ 4* ತರಬೇತಿ ರೈಫಲ್ ಕುರಿತ ನನ್ನ ಅನುಭವ

ಪಾರ್ಕರ್ ಪದ್ಧತಿಯಲ್ಲಿ, ಅಂದರೆ ಹಳೆಯ ಬ್ಯಾರೆಲನ್ನು ಕೊರೆದು ಅದರೊಳಗೆ ಒಳಕೊಳವೆಯನ್ನು ಬೆಸೆದು ಮಾಡಿದ ಬ್ಯಾರೆಲನ್ನು ಕುದಿಯುವ ನೀರಿನಲ್ಲಿ ಮುಳುಗಿಸಿದರೆ ಕೊಳವೆ ಸಡಿಲವಾಗಿ ರೈಫಲ್ ಹಾಳಾಗುತ್ತದೆ ಎಂದು ನನಗೆ ಹೇಳದ ಸಂಗ್ರಾಹಕರಿಲ್ಲ. ತುಕ್ಕನ್ನು ಕಪ್ಪಾಗಿಸಲೆಂದು ನನ್ನ ರೈಫಲನ್ನು ಕುದಿಸಿದ ಮೇಲೆ ಒಂದು ಇಡೀ ಚಳಿಗಾಲ ಕಳೆದಿದೆ, ಕೊಳವೆ ಕೂದಲೆಳೆಯಷ್ಟೂ ಕದಲಿಲ್ಲ, ತುಕ್ಕಿದ್ದ ಜಾಗದಲ್ಲಿ ಅದು ಮತ್ತೆ ಹಿಡಿದಿಲ್ಲ. ಆದ್ದರಿಂದ ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ಇಂಗ್ಲೆಂಡಿನ ಹರಾಜೊಂದರ ಪಟ್ಟಿಯಲ್ಲಿ ಇದನ್ನು ಬರೀ ‘.22 ಬೋಲ್ಟ್ ರೈಫಲ್, ತುಕ್ಕು ಹಿಡಿದಿದೆ’ ಎಂದು ನಮೂದಿಸಿದ್ದರು. ಚಿತ್ರವನ್ನು ಹಿಗ್ಗಿಸಿದಾಗ ಬೋಲ್ಟ್ (ತೋಟಾ ತುಂಬಲು ಹಿಂದೆಮುಂದೆ ಎಳೆಯುವ ಭಾಗ) ಹಿಡಿಕೆಯ ಬುಡದಲ್ಲಿದ್ದ ಸಂಖ್ಯೆಯೂ ರಿಸೀವರ್ (ಬೋಲ್ಟ್ ಕೂರುವ ಲೋಹದ ಒಡಲು) ಮೇಲಿನ ಸಂಖ್ಯೆಯೂ ಒಂದೇ ಎಂದು ಕಂಡಿತು. ಬ್ರಿಟಿಷ್ ಸೇನೆಯ ಹಳೆಯ .303 ಎಸ್‌ಎಂಎಲ್‌ಇ (ಶಾರ್ಟ್ ಮ್ಯಾಗಜೀನ್ ಲೀ-ಎನ್‌ಫೀಲ್ಡ್) ರೈಫಲ್‌ಗಳ ಬ್ಯಾರೆಲ್ ಕೊರೆದು .22 ಕೊಳವೆ ಕೂರಿಸಿದ ಈ ಬಂದೂಕುಗಳು 25 ಗಜದ ಅಭ್ಯಾಸಕ್ಕೆಂದು ಕೆಡೆಟ್ ಪಡೆಗಳ ಕೈಯಲ್ಲಿ ದಶಕಗಳ ಕಾಲ ತಿರುಗಿ, ಬೋಲ್ಟ್, ನೋಸ್‌ಕ್ಯಾಪ್ (ಮುಂತುದಿಯ ಲೋಹದ ಟೊಪ್ಪಿ), ಸೈಟ್ (ಗುರಿ ಹಿಡಿಯುವ ಭಾಗ) ಎಲ್ಲ ಅದಲುಬದಲಾಗಿರುವುದೇ ಹೆಚ್ಚು. ಹೀಗಿರುವಾಗ ಎಲ್ಲ ಭಾಗಗಳ ಸಂಖ್ಯೆಯೂ ಹೊಂದುವ ರೈಫಲ್ ಸಿಗುವುದು ನಿಜಕ್ಕೂ ಅಪರೂಪ. ಸುತ್ತಿಗೆ ಬಿದ್ದದ್ದು 300 ಪೌಂಡಿನ ಆಸುಪಾಸಿನಲ್ಲಿ. ಹರಾಜಿನ ಕಮಿಷನ್, ಅದರ ಮೇಲಿನ ತೆರಿಗೆ, ಪರವಾನಗಿ ಪಡೆದ ವ್ಯಾಪಾರಿಯ ಮೂಲಕ ತರಿಸಿಕೊಂಡ ಖರ್ಚು ಸೇರಿ 400 ದಾಟಿತು. ನನ್ನ ಬಂದೂಕು ಪರವಾನಗಿಯಾದ ಫೈರ್‌ಆರ್ಮ್ ಸರ್ಟಿಫಿಕೇಟಿನಲ್ಲಿ ಈ ಕ್ಯಾಲಿಬರಿಗೆ ಮೊದಲೇ ಅನುಮತಿ ಇತ್ತಾದ್ದರಿಂದ ಕಾಯಬೇಕಾಗಲಿಲ್ಲ.

ಮನೆಗೆ ತಂದು, ಮೊದಲು ಮುಂಭಾಗದ ಮರವನ್ನು ಇಳಿಸಿ, ಆಮೇಲೆ ಹಿಂಭಾಗದ ಮರವನ್ನು ಹಿಡಿದಿರುವ ಬೋಲ್ಟಿಗೆ ಕೈ ಹಾಕಿದೆ. ಎಸ್‌ಎಂಎಲ್‌ಇ ಬಿಚ್ಚುವವರಿಗೆ ಈ ಕ್ರಮ ಏಕೆಂದು ಹೇಳಬೇಕಾಗಿಲ್ಲ. ಮರದ ಅಂಚಿನ ಕೆಳಗೆ ಬ್ಯಾರೆಲಿನ ಉದ್ದಕ್ಕೂ ಕೆಂಪು ತುಕ್ಕಿನ ಪಟ್ಟಿ. ನೋಸ್‌ಕ್ಯಾಪಿನ ಒಳಗಂತೂ ತುಕ್ಕು ಹಕ್ಕಳೆಗಟ್ಟಿತ್ತು. ಒಬ್ಬ ಗನ್‌ಸ್ಮಿತ್ ಎಲ್ಲವನ್ನೂ ಪಾಲಿಶ್ ಮಾಡಿ ಹೊಸದಾಗಿ ಬ್ಲೂಯಿಂಗ್ (ಉಕ್ಕಿನ ಮೇಲ್ಮೈಯನ್ನು ನೀಲಿಗಪ್ಪಾಗಿಸುವುದು) ಮಾಡಿಕೊಡಲು ಸುಮಾರು 250 ಪೌಂಡ್ ಕೇಳಿದರು. ಪಾಲಿಶ್ ಮಾಡಿದರೆ ತಪಾಸಣೆಯ ಮುದ್ರೆಗಳು ಸವೆದುಹೋಗುತ್ತವೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ಬ್ಲೂಯಿಂಗಿಗೆ ಬಳಸುವ ಸುಮಾರು 140 ಡಿಗ್ರಿಯ ಕಾಸ್ಟಿಕ್ (ತೀಕ್ಷ್ಣ ಕ್ಷಾರದ) ದ್ರಾವಣವು ಒಳಕೊಳವೆಯನ್ನು ಹಿಡಿದಿರುವ ತವರದ ಬೆಸುಗೆಯನ್ನೇ ತಿನ್ನುತ್ತದೆ. ಜೋಡುನಳಿಗೆಯ ಬಂದೂಕುಗಳನ್ನು ಆ ತೊಟ್ಟಿಗೆ ಹಾಕದಿರುವುದೂ ಇದೇ ಕಾರಣಕ್ಕೆ.

ಮುರಿದ ಹಳೆಯ ನೋಸ್‌ಕ್ಯಾಪ್‌ಗಳನ್ನು ಕೊಂಡು ಬೇರೆ ಬೇರೆ ವಿಧಾನಗಳನ್ನು ಪರೀಕ್ಷಿಸಿದೆ. ಫಾಸ್ಫಾರಿಕ್ ಆಮ್ಲ ತುಕ್ಕಿನ ಜೊತೆಗೆ ಮೂಲ ಕಪ್ಪನ್ನೂ ತೆಗೆದು ಲೋಹವನ್ನು ಬೂದಿಬಣ್ಣಕ್ಕೆ ತಿರುಗಿಸಿತು. ವಿದ್ಯುದ್ವಿಭಜನೆಯ ಗತಿಯೂ ಅದೇ. ಬಿಸಿ ಮಾಡದೆ ಹಚ್ಚುವ, ಬಾಟಲಿಯಲ್ಲಿ ಬರುವ ಕೋಲ್ಡ್ ಬ್ಲೂ ಕಲೆಕಲೆಯಾಗಿ ನಿಂತು, ಅದರಡಿಯಿಂದಲೇ ತುಕ್ಕು ಮತ್ತೆ ಎದ್ದಿತು. ಗಟ್ಟಿ ಚಹಾದ ಕಷಾಯದಲ್ಲೂ ಒಂದು ತುಂಡನ್ನು ನೆನೆಸಿಟ್ಟಿದ್ದೆ. ಟ್ಯಾನಿನ್‌ನಿಂದ ಬಂದ ನೀಲಿಗಪ್ಪು ಬಣ್ಣ ನೋಡಲು ಬಹಳ ಚೆಲುವಾಗಿದ್ದರೂ ಹೆಬ್ಬೆರಳಿನಿಂದ ಒರೆಸಿದರೆ ಬಿಟ್ಟುಬಂತು. ಈ ತುಂಡುಗಳಿಗೂ ಔಷಧಗಳಿಗೂ ಎಪ್ಪತ್ತು-ಎಂಬತ್ತು ಪೌಂಡ್ ಹೋಗಿರಬೇಕು.

ಎಸ್‌ಎಂಎಲ್‌ಇಯ ಮೂಲ ಕಪ್ಪು ಬಣ್ಣವೇ ತುಕ್ಕು ಹಿಡಿಸಿ, ಕುದಿಸಿ, ಉಜ್ಜಿ ಬರಿಸಿದ್ದು. ಹಾಗಿದ್ದರೆ ತಾನಾಗಿ ಹಿಡಿದ ಕೆಂಪು ತುಕ್ಕನ್ನೂ ಕುದಿಸಿ ಕಪ್ಪು ಆಕ್ಸೈಡ್ ಆಗಿಸಬಹುದು ಎಂಬುದು ನನ್ನ ವಾದ. ತವರ-ಸೀಸದ ಬೆಸುಗೆ 183 ಡಿಗ್ರಿ ಸೆಲ್ಸಿಯಸ್ ಮುಟ್ಟುವವರೆಗೆ ಕರಗುವುದಿಲ್ಲ, ನೀರು 100 ದಾಟುವುದಿಲ್ಲ. ಸಂದೇಹ ಪಟ್ಟವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ.

ಸ್ಟೇನ್‌ಲೆಸ್ ಸ್ಟೀಲಿನ ಉದ್ದನೆಯ ತೊಟ್ಟಿ, ಅದರಡಿಗೆ ಎರಡು ಗ್ಯಾಸ್ ಒಲೆ, ಡಿಸ್ಟಿಲ್ಡ್ ವಾಟರ್: ಇವಿಷ್ಟಕ್ಕೆ ತೊಂಬತ್ತು ಪೌಂಡ್ ಆಗಿರಬಹುದು. ನಲ್ಲಿಯ ನೀರು ಸುಣ್ಣದ ಕಲೆ ಬಿಡುತ್ತದೆ. ಹಿಡಿದಿಟ್ಟ ಮಳೆನೀರನ್ನೂ ಒಮ್ಮೆ ಪ್ರಯತ್ನಿಸಿದೆ, ವ್ಯತ್ಯಾಸ ಕಾಣಲಿಲ್ಲ. ಜಿಡ್ಡನ್ನು ಅಸಿಟೋನಿನಿಂದ ಪೂರ್ತಿ ತೆಗೆಯದಿದ್ದರೆ ಎಣ್ಣೆ ನೀರಿನ ಮೇಲೆ ತೇಲಿ, ಎತ್ತುವಾಗ ಲೋಹಕ್ಕೆ ಅಂಟುತ್ತದೆ. ಉಜ್ಜಲು ಬಳಸುವ 0000 (ಅತಿ ನಯವಾದ) ಉಕ್ಕಿನ ಉಣ್ಣೆಯಲ್ಲೂ ಎಣ್ಣೆ ಇರುವುದರಿಂದ ಅದನ್ನೂ ತೊಳೆಯಲೇಬೇಕು.

ಅರ್ಧ ಗಂಟೆ ಕುದಿದ ಮೇಲೆ ಎತ್ತಿದಾಗ ಕೆಂಪು ಪಟ್ಟಿ ಇದ್ದಲ್ಲಿ ಮಖಮಲ್ಲಿನಂಥ ಕಪ್ಪು ಪದರ ಇತ್ತು. ಬಿಸಿ ಲೋಹ ಕ್ಷಣದಲ್ಲಿ ಆರಿತು. ಉಣ್ಣೆಯನ್ನು ಒತ್ತದೆ, ಒಂದೇ ದಿಕ್ಕಿನಲ್ಲಿ ಎಳೆದಾಗ ಕಪ್ಪು ಹುಡಿ ಉದುರಿ, ಅಡಿಯಲ್ಲಿ ನೇರಳೆ ಛಾಯೆಯ ಗಟ್ಟಿ ಬಣ್ಣ ಉಳಿಯಿತು. ದಪ್ಪ ತುಕ್ಕಿದ್ದ ಕಡೆ ಮತ್ತೆ ಕುದಿಸಿ, ಮತ್ತೆ ಉಜ್ಜಿದೆ. ನೋಸ್‌ಕ್ಯಾಪಿನ ಉಬ್ಬಿನ ಮೇಲೆ ಒಂದೊಂದೇ ಅಂಕಿ ತೇಲಿಬಂದು, ಕೊನೆಗೆ ರಿಸೀವರಿನ ಸಂಖ್ಯೆಗೆ ಸರಿಹೊಂದಿದಾಗ ಹೆಮ್ಮೆಪಟ್ಟೆ. ಕಾಸ್ಟಿಕ್ ತೊಟ್ಟಿಯಿಂದ ಬರುವ ಯಾವ ಬ್ಲೂಯಿಂಗಿಗೂ ಈ ಛಾಯೆ ಇಲ್ಲವೆಂದು ನಿಸ್ಸಂಕೋಚವಾಗಿ ಹೇಳುತ್ತೇನೆ. ಕುದಿಸುವಾಗ ಬ್ಯಾರೆಲಿನ ಎರಡು ತುದಿಗಳನ್ನು ಏನು ಮಾಡಿದೆ, ಕೊನೆಯಲ್ಲಿ ಯಾವ ಎಣ್ಣೆಯನ್ನು ಎಷ್ಟು ಬಿಸಿಯಲ್ಲಿ ಹಚ್ಚಿದೆ ಎಂಬುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಮರಕ್ಕೆ ಉಪ್ಪುಕಾಗದ ಮುಟ್ಟಿಸಲಿಲ್ಲ. ಟರ್ಪೆಂಟೈನಿನಲ್ಲಿ ಕೊಳೆ ಒರೆಸಿ, ಹಸಿ ಅಗಸೆ ಎಣ್ಣೆಯನ್ನು ತೆಳ್ಳಗೆ ಹಲವು ಸಲ ಹಚ್ಚಿದ್ದಷ್ಟೇ.

ಪರೀಕ್ಷೆಗೆಂದು 25 ಗಜದಲ್ಲಿ ಸಬ್‌ಸಾನಿಕ್ (ಶಬ್ದಕ್ಕಿಂತ ನಿಧಾನವಾದ) ತೋಟಾಗಳನ್ನು ಹಾರಿಸಿದಾಗ ಐದು ಗುಂಡುಗಳು ಹೆಚ್ಚುಕಡಿಮೆ ಮುಕ್ಕಾಲು ಇಂಚಿನೊಳಗೆ ಬಿದ್ದವು. ಅದಾದ ಮೇಲೆ ಬ್ಯಾರೆಲಿನ ಬಾಯಲ್ಲಿ ಕೊಳವೆಯೂ ಹೊರ ಬ್ಯಾರೆಲೂ ಕೂಡುವ ಗೆರೆಯನ್ನು ಭೂತಗನ್ನಡಿ ಹಿಡಿದು ತಿಂಗಳಿಗೊಮ್ಮೆ ನೋಡುತ್ತ ಬಂದಿದ್ದೇನೆ. ನೀರು ಒಳಸೇರಿದ್ದರೆ ಕೆಂಪು ಮೊದಲು ಕಾಣಬೇಕಾದದ್ದು ಅಲ್ಲೇ, ಇದುವರೆಗೆ ಕಂಡಿಲ್ಲ. ಹಿಂದಿನ ಸೈಟಿನ ಪಟ್ಟಿಯನ್ನು ಇನ್ನೂ ಕುದಿಸಿಲ್ಲ. ಅದರ ಅಂಕಿಗಳಲ್ಲಿ ಹಳೆಯ ಬಿಳಿ ಬಣ್ಣ ಉಳಿದಿದೆ, ಅದನ್ನು ಉಳಿಸಿಕೊಂಡೇ ತುಕ್ಕನ್ನು ತಿರುಗಿಸಲು ಈಗ ಬರೀ ಹಬೆಯನ್ನು ಬೇರೊಂದು ತುಂಡಿನ ಮೇಲೆ ಪರೀಕ್ಷಿಸುತ್ತಿದ್ದೇನೆ.