ಬೆಟ್ಟದ ಬೇಟೆಗೆ ಬಂದೂಕಿನ ಹಗುರ ಆಸರೆ: ಬೈಪಾಡೋ, ಕೋಲೋ, ಬೆನ್ನುಚೀಲವೋ?

1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆಯ ಮಾತೇ ಇಲ್ಲ. ಕೊಡಗಿನ ಮನೆಗಳಲ್ಲಿ ಕೋವಿ ಇದ್ದರೂ ಅದು ಕೈಲ್‌ಪೋಳ್ದ್ ಪೂಜೆಗೆ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ. ಆದರೆ ಅಮೆರಿಕದ ಕೊಲರಾಡೊ, ಮೊಂಟಾನಾ ಕಡೆ ಅಕ್ಟೋಬರ್, ನವೆಂಬರ್ ಬಂತೆಂದರೆ ರೈಫಲ್ ಹಿಡಿದು ಎಲ್ಕ್ ಬೇಟೆಗೆ ಹೋಗುವ ಕಾಲ. ನಮ್ಮ ಕಡವೆಗಿಂತ ದೊಡ್ಡದಾದ ಜಿಂಕೆ ಜಾತಿ ಅದು. ಅಲ್ಲಿ ನೆಲೆಸಿ, ಲೈಸೆನ್ಸ್ ಪಡೆದು ಬೆಟ್ಟ ಹತ್ತುವ ಕನ್ನಡಿಗರಿಗಾಗಿ ಈ ಲೇಖನ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಮೊದಲು ಲೈಸೆನ್ಸ್ ಮಾಡಿಸಿಕೊಳ್ಳಿ. ಅಂಥವರು ಬಂದೂಕು ಇಟ್ಟುಕೊಳ್ಳಲು ಅಲ್ಲಿನ ಕೇಂದ್ರ ಕಾನೂನು ಬಿಡುವುದಿಲ್ಲ, ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ.

ಆಸರೆ ಯಾಕೆ ಬೇಕು? ಮೂರು ಸಾವಿರ ಮೀಟರ್ ಎತ್ತರದಲ್ಲಿ ಏದುಸಿರು ಬಿಡುತ್ತಾ ಸ್ಕೋಪಿಗೆ (ಬಂದೂಕಿನ ಮೇಲಿನ ಗುರಿ ದುರ್ಬೀನಿಗೆ) ಕಣ್ಣು ಹಚ್ಚಿ ನೋಡಿ. ಗುರಿಯ ಗೆರೆ ಎದೆಬಡಿತಕ್ಕೆ ಸರಿಯಾಗಿ ಕುಣಿಯುತ್ತಿರುತ್ತದೆ. ನಳಿಕೆ ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು ಅಲುಗಿದರೂ ಸಾಕು, 300 ಮೀಟರ್ ದೂರದಲ್ಲಿ ಗುಂಡು ಸುಮಾರು 9 ಸೆಂ.ಮೀ. ಆಚೀಚೆ ಹೋಗುತ್ತದೆ. ಕೈಯಲ್ಲೇ ಹಿಡಿದು ನಿಂತರೆ ಅಲುಗುವುದು ಇದರ ಎಷ್ಟೋ ಪಟ್ಟು. ಪ್ರಾಣಿ ಗಾಯ ಹೊತ್ತು ಓಡಿಹೋಗುತ್ತದೆ. ಅದಕ್ಕಿಂತ ಕೆಟ್ಟ ಬೇಟೆ ಇನ್ನೊಂದಿಲ್ಲ.

ಹಗುರ ಅಂದ ಕೂಡಲೇ ಗ್ರಾಂ ಲೆಕ್ಕ ಹಾಕಲು ಕೂರುತ್ತೇವೆ, ಅಲ್ವಾ? ಅದನ್ನು ಕೊನೆಗೆ ಇಟ್ಟುಕೊಳ್ಳಿ.

ಮೊದಲು ಆಸರೆಯ ಎತ್ತರ ನೋಡಿ

ನೀವು ಹೋಗುವ ಜಾಗದಲ್ಲಿ ಮಲಗಿ ಹೊಡೆಯಲು ಆಗುತ್ತದೆಯೇ? ಕೊಲರಾಡೊದಲ್ಲಿ ಸುಮಾರು 3,500 ಮೀಟರ್ ದಾಟಿದರೆ ಮರಗಳು ಮುಗಿದು ಬರೀ ಕುರುಚಲು ಹುಲ್ಲು, ಬಂಡೆ. ಅಲ್ಲಿ ಹೊಟ್ಟೆಯ ಮೇಲೆ ಮಲಗಬಹುದು, 6ರಿಂದ 9 ಇಂಚಿನ ಗಿಡ್ಡ ಬೈಪಾಡ್ (ಬಂದೂಕಿನ ಮುಂಭಾಗಕ್ಕೆ ಸಿಕ್ಕಿಸುವ ಎರಡು ಕಾಲಿನ ಆಸರೆ) ಸಾಕು. ಕೆಳಗಿನ ಸೇಜ್ ಪೊದೆಗಳ ಇಳಿಜಾರಿನಲ್ಲಿ ಮಲಗಿದರೆ ಕಾಣುವುದು ಪೊದೆ ಮಾತ್ರ. ಕೂತೇ ಹೊಡೆಯಬೇಕು. ಆಗ ಆ ಗಿಡ್ಡ ಬೈಪಾಡ್, ಎಷ್ಟೇ ಹಗುರವಿರಲಿ, ಸುಮ್ನೆ ಹೊತ್ತ ಭಾರ. ಕೂತವರಿಗೆ ಎರಡು ಅಡಿ ಆಸುಪಾಸಿನ ಆಸರೆ ಬೇಕಾಗುತ್ತದೆ.

ಕೈಯಲ್ಲಿ ಈಗಾಗಲೇ ಏನಿದೆ?

ಬೆಟ್ಟಕ್ಕೆ ಟ್ರೆಕ್ಕಿಂಗ್ ಕೋಲು ಹೇಗೂ ಒಯ್ಯುತ್ತೀರಿ. ಅದೇ ಆಸರೆಯಾದರೆ ಹೊಸ ಭಾರವೇ ಇಲ್ಲ. ಆಲ್ಪ್ಸ್ ಬೆಟ್ಟಗಳಲ್ಲಿ ಶಾಮೊಯ್ (ಆಡಿನಂಥ ಬೆಟ್ಟದ ಪ್ರಾಣಿ) ಬೇಟೆಗಾರರು ಹೇಝಲ್ ಮರದ ಉದ್ದ ಕೋಲನ್ನು ನಡೆಯಲೂ ಬಂದೂಕು ಊರಲೂ ಬಳಸುತ್ತ ಬಂದಿದ್ದಾರೆ. 1870ರ ದಶಕದಲ್ಲಿ ಅಮೆರಿಕದ ಬಯಲುಗಳ ಕಾಡೆಮ್ಮೆ (ಬೈಸನ್) ಬೇಟೆಗಾರರೂ ಅಡ್ಡಕಟ್ಟಿದ ಎರಡು ಕೋಲುಗಳ ಮೇಲೇ ಭಾರಿ ರೈಫಲ್ ಇಡುತ್ತಿದ್ದರು. (ಅವರು ಕಾಡೆಮ್ಮೆ ಸಂತತಿಗೆ ಮಾಡಿದ್ದು ಬೇರೆ ಕಥೆ.)

ಕಟ್ಟುವುದು ಹೀಗೆ. ಹಿಡಿಯಿಂದ ಒಂದು ಗೇಣು ಕೆಳಗೆ ಎರಡೂ ಕೋಲುಗಳನ್ನು ಕತ್ತರಿಯ ಆಕಾರದಲ್ಲಿ ಇಟ್ಟು ರಬ್ಬರ್ ಬಳೆ ಸುತ್ತಿ. ಇಳಿಜಾರಿನಲ್ಲಿ ಕೂತು, ಮೊನೆಗಳನ್ನು ಮಣ್ಣಿಗೆ ಊರಿ. ಮೇಲಿನ ಕವಲಿನಲ್ಲಿ ಬಂದೂಕಿನ ಮುಂದಿನ ಮರದ ಭಾಗ ಕೂರಬೇಕು, ನಳಿಕೆ ತಾಗಬಾರದು. ನಳಿಕೆಗೆ ಏನೇ ಒತ್ತಿದರೂ ಗುಂಡು ಬೀಳುವ ಜಾಗ ಬದಲಾಗುತ್ತದೆ. ಎಡಗೈಯಿಂದ ಕೋಲುಗಳು ಕೂಡುವ ಜಾಗವನ್ನು ಹಿಡಿದು ತುಸು ಮುಂದಕ್ಕೆ ತಳ್ಳಿ. ಎತ್ತರ ಬದಲಿಸಲು ಕೋಲಿನ ಕಾಲುಗಳನ್ನು ಅಗಲಿಸಿದರಾಯಿತು.

ಹಿಂಭಾಗ ಮರೆಯಬೇಡಿ

ಹೆಚ್ಚಿನವರು ಎಡವುವುದು ಇಲ್ಲೇ. ಮುಂಭಾಗಕ್ಕೆ ದುಬಾರಿ ಆಸರೆ ಕೊಂಡು, ಹಿಂಭಾಗವನ್ನು ಗಾಳಿಗೆ ಬಿಡುತ್ತಾರೆ. ಹೆಗಲಿಗೆ ಆನಿಸಿದ ತುದಿ ಅಲುಗಿದರೂ ಗುರಿ ಅಷ್ಟೇ ತಪ್ಪುತ್ತದೆ. ಕೂತಾಗ ಬೆನ್ನುಚೀಲವನ್ನು ನಿಲ್ಲಿಸಿ ಬಲಮೊಣಕೈ ಅಥವಾ ಕಂಕುಳ ಕೆಳಗೆ ಒತ್ತಿಕೊಳ್ಳಿ. ಕುಣಿತ ಒಮ್ಮೆಲೇ ಇಳಿಯುವುದು ಸ್ಕೋಪಿನಲ್ಲೇ ಕಾಣುತ್ತದೆ. ಮಲಗಿದಾಗ ಹತ್ತಿ ಜಾಕೆಟ್ ತುಂಬಿದ ಸಣ್ಣ ಚೀಲ ಹಿಂದೆ ಇಟ್ಟರೆ ಆಯಿತು. ಮಲಗಿ ಹೊಡೆಯುವವರಿಗೆ ಬೆನ್ನುಚೀಲವೇ ಮುಂದಿನ ಆಸರೆಯೂ ಆಗುತ್ತದೆ. ಬಂಡೆಯ ಮೇಲೆ ಬಂದೂಕನ್ನು ನೇರವಾಗಿ ಮಾತ್ರ ಇಡಬೇಡಿ. ಗಟ್ಟಿ ಕಲ್ಲಿನ ಮೇಲೆ ಅದು ಪುಟಿಯುತ್ತದೆ. ಮಧ್ಯೆ ಟೋಪಿ ಮಡಚಿ ಇಟ್ಟರೂ ಸಾಕು.

ಬೈಪಾಡೇ ಬೇಕು ಅನ್ನುವವರಿಗೆ

ಹ್ಯಾರಿಸ್ ಕಂಪನಿಯ ಹಳೇ ಮಾದರಿಗಳು ಗಟ್ಟಿಮುಟ್ಟು. 9ರಿಂದ 13 ಇಂಚಿನದು ಮುನ್ನೂರು ಗ್ರಾಂ ಮೀರುತ್ತದೆ. ಆ ಭಾರವೆಲ್ಲ ಬಂದೂಕಿನ ಮೂತಿಯಲ್ಲೇ, ದಿನವಿಡೀ. ಬೇಕಾದಾಗ ಅಯಸ್ಕಾಂತದಿಂದ ಅಂಟಿಸಿ, ಉಳಿದ ಹೊತ್ತು ಜೇಬಿನಲ್ಲಿ ಇಡುವ ಸ್ಪಾರ್ಟನ್ ಜಾವೆಲಿನ್‌ನಂಥ ಕಾರ್ಬನ್ ಫೈಬರ್ ಬೈಪಾಡ್‌ಗಳೂ ಇವೆ. ಅವು ಅದರ ಅರ್ಧದಷ್ಟು ತೂಗುತ್ತವೆ, ಬೆಲೆ ಮಾತ್ರ ಜಾಸ್ತಿ. ಯಾವುದೇ ಕೊಂಡರೂ ಎರಡು ವಿಷಯ ನೋಡಿ: ಕಾಲುಗಳನ್ನು ಬೇರೆ ಬೇರೆ ಉದ್ದಕ್ಕೆ ನಿಲ್ಲಿಸಲು ಆಗಬೇಕು, ಬಂದೂಕು ಕೂರುವ ಅದರ ತಲೆಭಾಗ ಎಡಬಲಕ್ಕೆ ವಾಲಬೇಕು. ಇಳಿಜಾರಿನಲ್ಲಿ ಬಂದೂಕು ಓರೆಯಾಗಿ ನಿಂತರೆ ದೂರ ಹೋದಂತೆ ಗುಂಡು ಪಕ್ಕಕ್ಕೆ ಸರಿಯುತ್ತದೆ.

ಮೂರು ಕಾಲಿನ ಟ್ರೈಪಾಡ್? ಕಾರ್ಬನ್ ಫೈಬರಿನದಾದರೂ ಒಂದು ಕಿಲೋ ಆಸುಪಾಸು. ದೂರದ ಬೆಟ್ಟದಲ್ಲಿ ಪ್ರಾಣಿ ಹುಡುಕಲು ದುರ್ಬೀನಿಗೆ ಹೇಗೂ ಒಯ್ಯುವುದಾದರೆ ಒಯ್ಯಿರಿ. ಆಸರೆಗೆಂದೇ ಬೇಡ.

ಕೊಳ್ಳುವ ಮುಂಚೆ, ಕೊಂಡ ಮೇಲೆ

ಗ್ರಾಂ ಲೆಕ್ಕ ಈಗ ಹಾಕಿ. ನಿಮಗೆ ಬೇಕಾದ ಆಸರೆಯ ಎತ್ತರಕ್ಕೆ ಹೊಂದುವವುಗಳಲ್ಲಿ ಹಗುರವಾದದ್ದನ್ನು ಆರಿಸಿ. ಶೂಟಿಂಗ್ ರೇಂಜಿನ ಮೇಜಿನ ಮೇಲೆ ಎಲ್ಲ ಆಸರೆಗಳೂ ಚೆನ್ನಾಗಿಯೇ ಕಾಣುತ್ತವೆ. ಹಾಗಾಗಿ ಬಂದೂಕು ಖಾಲಿ ಇದೆಯೆಂದು ಎರಡು ಸಲ ನೋಡಿಕೊಂಡು, ಜನವಿಲ್ಲದ ಕಡಿದಾದ ದಿನ್ನೆ ಹತ್ತಿ, ಏದುಸಿರು ಇರುವಾಗಲೇ ಆಸರೆ ಕಟ್ಟಿ ಗುರಿ ಹಿಡಿಯಿರಿ. ಎಲ್ಕ್ ನಿಂತು ನೋಡುವುದು ಕೆಲವೇ ಕ್ಷಣ, ಅಷ್ಟರಲ್ಲಿ ಆಗಬೇಕು. ಸದ್ದನ್ನೂ ಕೇಳಿಸಿಕೊಳ್ಳಿ. ಲೋಹದ ಕಾಲು ಟಣ್ ಅಂದರೆ ಅದಕ್ಕೆ ಬಟ್ಟೆಯ ಟೇಪ್ ಸುತ್ತಿ. ವೆಲ್ಕ್ರೋ ಪಟ್ಟಿ ಪರ್ರ್ ಅನ್ನುವುದಾದರೆ ಬಿಸಾಕಿ, ಹಳೇ ಸೈಕಲ್ ಟ್ಯೂಬಿನಿಂದ ಒಂದು ಬಳೆ ಕತ್ತರಿಸಿಕೊಳ್ಳಿ.